‘ಟೈಟಾನಿಯಂ ಚಾಕು’ ಕೊಳ್ಳುವ ಮುನ್ನ: ಹಿಡಿಗೆ ಸೈ, ಅಲಗಿಗೆ ಬೇಡ, ಗ್ರೇಡ್ 2, 5, 9ರ ಲೆಕ್ಕ ಏನು?

ಆನ್‌ಲೈನ್‌ನಲ್ಲಿ ಚಾಕು, ಕೀ ಚೈನ್, ನೀರಿನ ಬಾಟಲಿ, ಕನ್ನಡಕದ ಫ್ರೇಮ್ ಅಂತ ಏನೇ ಹುಡುಕಿದರೂ ಈಗ ‘ಟೈಟಾನಿಯಂ’ ಅನ್ನೋ ಪದ ಎದುರಾಗುತ್ತದೆ. ಅದೇ ಮಾಲು ತಾಲೂಕಿನ ಹಾರ್ಡ್‌ವೇರ್ ಅಂಗಡಿಗೂ, ಗಿಫ್ಟ್ ಸೆಂಟರ್‌ಗೂ ಬಂದು ಕೂತಿದೆ. ಒಂದೇ ಹೆಸರಿನ ಎರಡು ಚಾಕುಗಳ ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಕಂಡರೆ ಆಶ್ಚರ್ಯವಿಲ್ಲ. ಕಾರಣ ಸರಳ. ಟೈಟಾನಿಯಂ ಅಂತ ಬರೆದು ಮಾರುವುದು ಒಂದೇ ವಸ್ತು ಅಲ್ಲ.

ಕೆಲವು ನಿಜಕ್ಕೂ ಇಡೀ ಟೈಟಾನಿಯಂ ಲೋಹದ್ದು. ಕೆಲವಕ್ಕೆ ಮೇಲೆ ಮಾತ್ರ ತೆಳು ಲೇಪ, ಒಳಗೆ ಮಾಮೂಲಿ ಸ್ಟೀಲ್. ಇನ್ನು ಕೆಲವದರಲ್ಲಿ ಲೋಹವೂ ಇಲ್ಲ, ಲೇಪವೂ ಇಲ್ಲ. ಬೂದು ಬಣ್ಣಕ್ಕೆ ಇಟ್ಟ ಹೆಸರು ಅಷ್ಟೇ.

ಲೇಪದ ವಿಷಯ ಹಾರ್ಡ್‌ವೇರ್ ಅಂಗಡಿಯವರಿಗೆ ಹೊಸದೇನಲ್ಲ. ಬಂಗಾರದ ಬಣ್ಣದ ಡ್ರಿಲ್ ಬಿಟ್‌ಗಳನ್ನು ‘ಟೈಟಾನಿಯಂ ಬಿಟ್’ ಅಂತಲೇ ಕೇಳಿ ಒಯ್ಯುತ್ತಾರೆ. ಆ ಬಣ್ಣ ಟೈಟಾನಿಯಂ ನೈಟ್ರೈಡ್ ಎಂಬ ಲೇಪದ್ದು. ದಪ್ಪ ಕೆಲವೇ ಮೈಕ್ರಾನ್, ಅಂದರೆ ತಲೆಕೂದಲಿಗಿಂತ ಎಷ್ಟೋ ತೆಳು. ಒಳಗಿರುವುದು ಹೈ ಸ್ಪೀಡ್ ಸ್ಟೀಲ್. ಇದರಲ್ಲಿ ಮೋಸವೇನೂ ಇಲ್ಲ, ಲೇಪ ತುಂಬಾ ಗಟ್ಟಿ, ಬಿಟ್ ಹೆಚ್ಚು ದಿನ ಬಾಳುತ್ತದೆ. ಆದರೆ ಸಾಣೆ ಹಿಡಿದ ಜಾಗದಲ್ಲಿ ಲೇಪ ಹೋಯಿತು. ‘ಟೈಟಾನಿಯಂ ಕೋಟೆಡ್’ ಕತ್ತರಿ, ಚಾಕುಗಳ ಕಥೆಯೂ ಇದೇ. ಅಂಥ ಚಾಕು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಒಳಗಿನ ಸ್ಟೀಲ್ ನಿರ್ಧರಿಸುತ್ತದೆ.

ಗ್ರೇಡ್ ಅಂದ್ರೆ ರ‍್ಯಾಂಕ್ ಅಲ್ಲ

ಇಡೀ ಲೋಹದ್ದೇ ಕೊಳ್ಳುತ್ತೇವೆ ಅನ್ನುವವರು ಮೊದಲು ಗ್ರೇಡ್ ತಿಳಿಯಬೇಕು. ‘ಗ್ರೇಡ್ 1’ ಅಂದರೆ ಮೊದಲ ದರ್ಜೆ, ‘ಗ್ರೇಡ್ 5’ ಅಂದರೆ ಐದನೇ ದರ್ಜೆ ಎಂದು ಅಂದುಕೊಳ್ಳುವವರು ಬಹಳ. ಹಾಗಲ್ಲ. ಇವು ಬರೀ ಗುರುತಿನ ಸಂಖ್ಯೆಗಳು.

ಗ್ರೇಡ್ 1ರಿಂದ 4ರವರೆಗೆ ಇರುವುದು ಬೇರೆ ಲೋಹ ಬೆರೆಸದ ಟೈಟಾನಿಯಂ. ಅದರಲ್ಲಿ ಉಳಿದಿರುವ ಆಮ್ಲಜನಕ, ಕಬ್ಬಿಣದ ಅಂಶ ಸ್ವಲ್ಪ ಸ್ವಲ್ಪ ಹೆಚ್ಚಾದಂತೆ ಲೋಹ ಗಡುಸಾಗುತ್ತಾ ಹೋಗುತ್ತದೆ. ಗ್ರೇಡ್ 1 ಎಲ್ಲಕ್ಕಿಂತ ಮೆದು, ಎಳೆದರೆ, ಬಗ್ಗಿಸಿದರೆ ಮಾತು ಕೇಳುತ್ತದೆ. ಗ್ರೇಡ್ 5ರಲ್ಲಿ ನೂರಕ್ಕೆ 6 ಭಾಗ ಅಲ್ಯೂಮಿನಿಯಂ, 4 ಭಾಗ ವೆನೇಡಿಯಂ. ಪಟ್ಟಿಯಲ್ಲಿ ಇದನ್ನೇ ‘6ಎಎಲ್4ವಿ’ ಅಂತಲೂ, ‘ಟಿಸಿ4’ ಅಂತಲೂ ಬರೆಯುತ್ತಾರೆ. ಎರಡೂ ಒಂದೇ, ಎರಡನೆಯದು ಚೀನಾದ ಹೆಸರು. ಗ್ರೇಡ್ 9ರಲ್ಲಿ 3 ಭಾಗ ಅಲ್ಯೂಮಿನಿಯಂ, ಎರಡೂವರೆ ಭಾಗ ವೆನೇಡಿಯಂ. ಇದನ್ನು ಕೊಳವೆ ಮಾಡುವುದು ಸುಲಭ, ದುಬಾರಿ ಸೈಕಲ್‌ಗಳ ಫ್ರೇಮ್ ಇದರದ್ದೇ. ಗ್ರೇಡ್ 23 ಎಂಬುದು ಗ್ರೇಡ್ 5ರ ಇನ್ನಷ್ಟು ಶುದ್ಧ ರೂಪ, ಮೂಳೆ ಮುರಿದಾಗ ಹಾಕುವ ಪ್ಲೇಟು, ಸ್ಕ್ರೂಗಳಿಗೆ ಬಳಸುವಂಥದ್ದು. ‘ಆಸ್ಪತ್ರೆ ಗ್ರೇಡ್’ ಎಂದು ಹೇಳಿ ಕೀ ಚೈನ್‌ಗೆ ಹೆಚ್ಚು ದುಡ್ಡು ಕೇಳಿದರೆ ಕೊಡಬೇಕಾದ ಕಾರಣ ಇಲ್ಲ. ‘ಏರೋಸ್ಪೇಸ್ ಗ್ರೇಡ್’ ಎಂಬ ಮಾತಿಗಂತೂ ಅರ್ಥವೇ ಇಲ್ಲ. ವಿಮಾನದಲ್ಲಿ ಹತ್ತಾರು ಬಗೆಯ ಲೋಹ ಇರುತ್ತದೆ. ಯಾವುದು ಅಂತ ಸಂಖ್ಯೆ ಹೇಳಬೇಕು.

ಬಲದ ವ್ಯತ್ಯಾಸ ತಿಳಿಯಲು ಮನೆ ಕಟ್ಟುವವರಿಗೆಲ್ಲ ಗೊತ್ತಿರುವ ಟಿಎಂಟಿ ಕಂಬಿಯನ್ನೇ ತೆಗೆದುಕೊಳ್ಳಬಹುದು. ಕಂಬಿಯ ಮೇಲೆ ‘ಎಫ್‌ಇ 500’ ಎಂದಿದ್ದರೆ, ಅದು 500 ಮೆಗಾಪ್ಯಾಸ್ಕಲ್ ಒತ್ತಡದವರೆಗೆ ಶಾಶ್ವತವಾಗಿ ಬಗ್ಗುವುದಿಲ್ಲ ಎಂದರ್ಥ. ಇದೇ ಅಳತೆಯಲ್ಲಿ ಮಾಮೂಲಿ ಮೈಲ್ಡ್ ಸ್ಟೀಲ್ ಸುಮಾರು 250. ಗ್ರೇಡ್ 2 ಟೈಟಾನಿಯಂಗೆ ಕನಿಷ್ಠ 275. ಗ್ರೇಡ್ 9ಕ್ಕೆ 483. ಗ್ರೇಡ್ 5ಕ್ಕೆ 828. ಅಂದರೆ ಗ್ರೇಡ್ 2 ಹೆಚ್ಚುಕಮ್ಮಿ ಮೈಲ್ಡ್ ಸ್ಟೀಲಿನಷ್ಟೇ. ಗ್ರೇಡ್ 5 ಟಿಎಂಟಿ ಕಂಬಿಯನ್ನೂ ಮೀರಿಸುತ್ತದೆ. ‘ಟೈಟಾನಿಯಂ ಸ್ಟೀಲಿಗಿಂತ ಬಲ’ ಎಂಬ ಜಾಹೀರಾತಿನ ಮಾತು ಗ್ರೇಡ್ 5ಕ್ಕೆ ನಿಜ, ಗ್ರೇಡ್ 2ಕ್ಕೆ ಅಷ್ಟಕ್ಕಷ್ಟೆ. ಹದ ಹಾಕಿದ ಒಳ್ಳೆ ಸ್ಟೀಲಿನ ಮುಂದೆ ಎರಡೂ ಹಿಂದೆಯೇ.

ತೂಕದಲ್ಲಿ ಮಾತ್ರ ಎಲ್ಲ ಗ್ರೇಡೂ ಗೆಲ್ಲುತ್ತವೆ. ಒಂದು ಘನ ಸೆಂಟಿಮೀಟರ್ ಸ್ಟೀಲ್ 7.8 ಗ್ರಾಂ ತೂಗಿದರೆ ಟೈಟಾನಿಯಂ ಸುಮಾರು 4.5 ಗ್ರಾಂ. ಅಲ್ಯೂಮಿನಿಯಂ ಅದಕ್ಕಿಂತಲೂ ಹಗುರ, 2.7 ಗ್ರಾಂ.

ಅಲಗಿಗೆ ಯಾಕೆ ಬೇಡ?

ಇಲ್ಲೇ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು. ಬಲ ಬೇರೆ, ಗಡಸುತನ ಬೇರೆ. ಚಾಕುವಿನ ಬಾಯಿ ಹರಿತವಾಗಿ ಉಳಿಯಬೇಕಾದರೆ ಬೇಕಾದ್ದು ಗಡಸುತನ.

ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕೆಂಪಗೆ ಕಾಯಿಸಿ, ಎಣ್ಣೆಗೋ ನೀರಿಗೋ ಅದ್ದಿ, ಮತ್ತೆ ಸ್ವಲ್ಪ ಕಾಯಿಸಿ ಹದ ಹಾಕುತ್ತಾರೆ. ಆ ಪಟ್ಟಿಯೊಳಗಿನ ಇಂಗಾಲದಿಂದಾಗಿ ಸ್ಟೀಲ್ ಗಡುಸಾಗುತ್ತದೆ. ಟೈಟಾನಿಯಂಗೆ ಈ ಗುಣವಿಲ್ಲ. ಎಷ್ಟೇ ಕಾಯಿಸಿ ಅದ್ದಿದರೂ ಸ್ಟೀಲಿನ ಮಟ್ಟದ ಹದ ಅದಕ್ಕೆ ಕೂರುವುದಿಲ್ಲ. ರಾಕ್‌ವೆಲ್ ಸಿ ಎಂಬ ಅಳತೆಯಲ್ಲಿ ಒಳ್ಳೆ ಚಾಕುವಿನ ಸ್ಟೀಲ್ 56ರಿಂದ 62ರವರೆಗೆ ಇರುತ್ತದೆ. ಗ್ರೇಡ್ 5 ಟೈಟಾನಿಯಂ ಸುಮಾರು 36. ಚಾಕು ಮಾಡಲೆಂದೇ ಆರಿಸಿದ ‘ಬೀಟಾ’ ಜಾತಿಯ ಟೈಟಾನಿಯಂ ಮಿಶ್ರಲೋಹಗಳನ್ನು ಹದಗೊಳಿಸಿದರೂ 45ರ ಆಸುಪಾಸಿಗೆ ನಿಲ್ಲುತ್ತವೆ.

ಹೀಗಾಗಿ ಇಡೀ ಟೈಟಾನಿಯಂ ಅಲಗಿನ ಚಾಕು ಹಗ್ಗ, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಕುಯ್ಯುತ್ತಾ ಹೋದರೆ ಬೇಗ ಮೊಂಡಾಗುತ್ತದೆ. ಅಡಿಕೆ ತೋಟದ ಕತ್ತಿ, ತೆಂಗಿನಕಾಯಿ ಕೊಚ್ಚುವ ಮಚ್ಚಿನ ಕೆಲಸವನ್ನಂತೂ ಕೇಳುವುದೇ ಬೇಡ. ಊರಿನ ಕಮ್ಮಾರ ಹದ ಹಾಕಿಕೊಟ್ಟ ಸ್ಪ್ರಿಂಗ್ ಪಟ್ಟಿಯ ಕತ್ತಿ ಈ ಕೆಲಸದಲ್ಲಿ ಅದನ್ನು ಸುಲಭವಾಗಿ ಸೋಲಿಸುತ್ತದೆ, ಬೆಲೆ ಹತ್ತರಲ್ಲೊಂದು ಪಾಲೂ ಇರುವುದಿಲ್ಲ.

ಹಾಗಾದರೆ ಟೈಟಾನಿಯಂ ಅಲಗು ಯಾರಿಗೆ? ಸಮುದ್ರದಲ್ಲಿ ಮುಳುಗುವವರಿಗೆ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದರೂ ಇದಕ್ಕೆ ತುಕ್ಕು ಹಿಡಿಯುವುದಿಲ್ಲ. ಇನ್ನೊಂದು, ಬಾಂಬ್ ಮತ್ತು ನೆಲಬಾಂಬ್ ನಿಷ್ಕ್ರಿಯಗೊಳಿಸುವವರಿಗೆ. ಕೆಲವು ಸ್ಫೋಟಕಗಳು ಹತ್ತಿರಕ್ಕೆ ಬಂದ ಕಬ್ಬಿಣದ ಕಾಂತಗುಣಕ್ಕೇ ಸಿಡಿಯುವಂತೆ ಇರುತ್ತವೆ, ಅಲ್ಲಿ ಅಯಸ್ಕಾಂತಕ್ಕೆ ಜಗ್ಗದ ಲೋಹ ಬೇಕು. ಇವರೂ ಕೂಡ ನಯವಾದ ಬಾಯಿಗಿಂತ ಗರಗಸದಂಥ ಹಲ್ಲು ಇರುವ ಅಲಗನ್ನು ಬಯಸುವುದು ಹೆಚ್ಚು, ಯಾಕೆಂದರೆ ಮೊಂಡಾದರೂ ಹಲ್ಲು ಹಗ್ಗವನ್ನು ಹರಿಯುತ್ತದೆ. ಈ ಎರಡು ಕೆಲಸದಲ್ಲಿ ಇಲ್ಲದವರು ಸ್ಟೀಲ್ ಅಲಗು ತೆಗೆದುಕೊಳ್ಳುವುದೇ ಲೇಸು.

ಹಿಡಿಗೆ ಸರಿಯಾದ ಲೋಹ

ಮಡಚುವ ಚಾಕುವಿನ ಹಿಡಿಯಲ್ಲಿ ಕಥೆ ಉಲ್ಟಾ. ಅಲ್ಲಿ ಗಡಸುತನ ಬೇಕಿಲ್ಲ. ಹಗುರ ಇರಬೇಕು, ಬೆವರಿಗೆ ತುಕ್ಕು ಹಿಡಿಯಬಾರದು, ಬಗ್ಗಿಸಿ ಬಿಟ್ಟರೆ ವಾಪಸ್ ಮೊದಲಿನಂತೆ ಆಗಬೇಕು. ಟೈಟಾನಿಯಂನ ಸ್ಪ್ರಿಂಗ್ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಬಲಕ್ಕೆ ಅದು ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಬಾಗುತ್ತದೆ, ಗ್ರೇಡ್ 5 ಆಗಿದ್ದರೆ ಹಾಗೇ ಹಿಂದಕ್ಕೆ ಬರುತ್ತದೆ.

ಇದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಚಾಕು ತಯಾರಕ ಕ್ರಿಸ್ ರೀವ್ ಒಬ್ಬರು. 1990ರ ಸುಮಾರಿಗೆ ಬಂದ ಅವರ ‘ಸೆಬೆಂಝಾ’ ಚಾಕುವಿನಲ್ಲಿ ಹಿಡಿಯ ಒಂದು ಬದಿಯನ್ನೇ ಸೀಳಿ ಪಟ್ಟಿಯಂತೆ ಮಾಡಲಾಗಿದೆ. ಅಲಗು ತೆರೆದಾಗ ಆ ಪಟ್ಟಿ ಚಿಮ್ಮಿ ಬಂದು ಅದರ ಹಿಂದೆ ಕೂರುತ್ತದೆ, ಅಲಗು ತಾನಾಗಿ ಮಡಚಿ ಬೆರಳು ಕೊಯ್ಯುವುದಿಲ್ಲ. ಇಂದು ಬರುವ ಟೈಟಾನಿಯಂ ಹಿಡಿಯ ಬಹುಪಾಲು ಚಾಕುಗಳು ಇದೇ ದಾರಿಯವು. ಗಮನಿಸಿ, ಸೆಬೆಂಝಾದಲ್ಲೂ ಅಲಗು ಸ್ಟೀಲಿನದ್ದೇ.

ಈ ಲಾಕ್‌ಗೂ ಒಂದು ದೌರ್ಬಲ್ಯವಿದೆ. ಟೈಟಾನಿಯಂ ಸ್ಟೀಲಿನ ಮೇಲೆ ಉಜ್ಜಿದರೆ ಅಂಟಿಕೊಂಡು ಸವೆಯುತ್ತದೆ. ವರ್ಷ ಕಳೆದಂತೆ ಲಾಕ್ ಒಳಕ್ಕೆ ಸರಿಯುತ್ತದೆ, ಕೆಲವೊಮ್ಮೆ ಬಿಗಿಯಾಗಿ ಕಚ್ಚಿಕೊಂಡು ಬಿಡಿಸಲು ಹೆಬ್ಬೆರಳು ನೋಯುತ್ತದೆ. ಅದಕ್ಕೇ ಒಳ್ಳೆ ತಯಾರಕರು ಲಾಕ್‌ನ ತುದಿಗೆ ಸಣ್ಣ ಸ್ಟೀಲ್ ತುಂಡನ್ನು ಕೂರಿಸುತ್ತಾರೆ, ಇಲ್ಲವೇ ಆ ತುದಿಯನ್ನಷ್ಟೇ ಗಡುಸು ಮಾಡುತ್ತಾರೆ. ಕೊಳ್ಳುವಾಗ ಚಾಕು ತೆರೆದು ಆ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರೆ ಸ್ಟೀಲ್ ತುಂಡು ಕಣ್ಣಿಗೇ ಕಾಣುತ್ತದೆ. ಪಟ್ಟಿಯಲ್ಲಿ ಬರೆದಿರುವ ಹತ್ತು ವಿಶೇಷಗಳಿಗಿಂತ ಇದೊಂದು ಮುಖ್ಯ.

ಹಿಡಿ, ಲಾಕ್, ಜೇಬಿಗೆ ಸಿಕ್ಕಿಸುವ ಕ್ಲಿಪ್ ಮೂರಕ್ಕೂ ಗ್ರೇಡ್ 5 ಇರಬೇಕು. ಕ್ಲಿಪ್ ಗ್ರೇಡ್ 2ರದ್ದಾದರೆ ಬಸ್ಸಿನ ಸೀಟಿಗೆ ಒಮ್ಮೆ ಸಿಕ್ಕಿಕೊಂಡರೂ ಬಗ್ಗಿ ಹಾಗೇ ನಿಲ್ಲುತ್ತದೆ. ಸ್ಕ್ರೂಗಳು ಮಾತ್ರ ಸ್ಟೀಲಿನವೇ ವಾಸಿ, ಟೈಟಾನಿಯಂ ಸ್ಕ್ರೂ ತಲೆ ಬೇಗ ಹಾಳಾಗುತ್ತದೆ.

ಇನ್ನೊಂದು ಮಾತು ಮಾರುವವರು ಹೇಳುವುದಿಲ್ಲ: ಟೈಟಾನಿಯಂಗೆ ಗೀರು ಬೇಗ ಬೀಳುತ್ತದೆ. ಕೀಲಿಕೈ ಜೊತೆ ಒಂದೇ ಜೇಬಿನಲ್ಲಿಟ್ಟರೆ ವಾರದೊಳಗೆ ಗೆರೆಗಳು ಕಾಣುತ್ತವೆ. ಹೊಳಪಿನ ಬದಲು ಮಸುಕಾದ, ಕಲ್ಲಲ್ಲಿ ಉರುಳಿಸಿದಂಥ ಮೈ ಇರುವುದನ್ನು ಆರಿಸಿದರೆ ಗೀರು ಎದ್ದು ಕಾಣದು. ಬರೀ ಹಗುರ ಬೇಕು ಅನ್ನುವವರಿಗೆ ಅಲ್ಯೂಮಿನಿಯಂ ಹಿಡಿಯೇ ಸಾಕು, ಗಾಜಿನ ನಾರಿನ ಜಿ10 ಹಿಡಿಯೂ ಆದೀತು. ಒದ್ದೆ ಕೈಗೆ ಜಿ10 ಇನ್ನೂ ಚೆನ್ನಾಗಿ ಹಿಡಿತ ಕೊಡುತ್ತದೆ.

ಬಾಟಲಿ, ಕಪ್ಪು, ಕನ್ನಡಕ

ಇಲ್ಲಿ ಗ್ರೇಡ್ 1, 2 ಬಂದರೆ ಬೇಸರ ಬೇಡ, ಅದೇ ಸರಿ. ತೆಳು ಹಾಳೆಯನ್ನು ಒತ್ತಿ ಲೋಟ, ಡಬ್ಬಿ ಮಾಡಲು ಮೆದು ಲೋಹವೇ ಬೇಕು. ಹುಣಸೆ ಹುಳಿ, ಮಜ್ಜಿಗೆ, ನಿಂಬೆ ಯಾವುದಕ್ಕೂ ಇದು ಬಗ್ಗುವುದಿಲ್ಲ, ರುಚಿ ಕೆಡುವುದಿಲ್ಲ. ಆದರೆ ಅಡುಗೆಗೆ ಟೈಟಾನಿಯಂ ಪಾತ್ರೆ ಅಷ್ಟೇನೂ ಒಳ್ಳೆಯದಲ್ಲ. ಶಾಖ ಹರಡುವುದರಲ್ಲಿ ಅಲ್ಯೂಮಿನಿಯಂನ ಹತ್ತನೇ ಒಂದು ಭಾಗದಷ್ಟೇ ಅದರ ಶಕ್ತಿ, ತಗಡೂ ತೆಳು. ಉರಿ ತಾಗಿದ ಜಾಗದಲ್ಲಿ ಉಪ್ಪಿಟ್ಟು ಸೀಯುತ್ತದೆ, ಪಕ್ಕದಲ್ಲಿ ಬೆಂದೇ ಇರುವುದಿಲ್ಲ. ಬೆಟ್ಟ ಹತ್ತುವವರು ನೀರು ಕಾಯಿಸಲು ಒಯ್ಯುವ ಪಾತ್ರೆ ಅದು. ‘ಟೈಟಾನಿಯಂ ನಾನ್‌ಸ್ಟಿಕ್ ತವಾ’ ಎಂದು ಬರುವುದರಲ್ಲಿ ಸಾಮಾನ್ಯವಾಗಿ ತಳ ಅಲ್ಯೂಮಿನಿಯಂ, ಮೇಲಿನ ಲೇಪಕ್ಕೆ ಆ ಹೆಸರು.

ಕನ್ನಡಕದ ಅಂಗಡಿಯವರಿಗೆ ಒಂದು ಸೂಕ್ಷ್ಮ ಇದೆ. ನಿಕ್ಕಲ್‌ನಿಂದ ಚರ್ಮ ಕೆಂಪಾಗಿ ತುರಿಕೆ ಬರುವ ಗಿರಾಕಿಗಳಿಗೆ ಟೈಟಾನಿಯಂ ಫ್ರೇಮ್ ಹೇಳುವುದು ರೂಢಿ, ಅದು ಸರಿಯೂ ಹೌದು. ಆದರೆ ಎಷ್ಟು ತಿರುಚಿದರೂ ವಾಪಸ್ ಬರುವ ‘ಮೆಮೊರಿ ಟೈಟಾನಿಯಂ’ ಫ್ರೇಮ್ ನಿಟಿನಾಲ್ ಎಂಬ ಮಿಶ್ರಲೋಹದ್ದಾಗಿರಬಹುದು. ಅದರಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ನಿಕ್ಕಲ್. ಅಲರ್ಜಿ ಇದೆ ಎಂದು ಹೇಳಿದ ಗಿರಾಕಿಗೆ ಇದನ್ನು ಕೊಡುವ ಮುಂಚೆ ಕಂಪನಿಯ ಬಳಿ ಕೇಳಿಕೊಳ್ಳುವುದು ಒಳ್ಳೆಯದು.

ನೀಲಿ, ನೇರಳೆ, ಚಿನ್ನದ ಬಣ್ಣದ ಟೈಟಾನಿಯಂ ವಸ್ತುಗಳಲ್ಲಿ ಪೇಂಟ್ ಇರುವುದಿಲ್ಲ. ಲೋಹವನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಮೇಲೆ ಆಕ್ಸೈಡ್‌ನ ಪೊರೆ ಬೆಳೆಯುತ್ತದೆ. ಮಳೆ ನೀರಿನ ಮೇಲೆ ಡೀಸೆಲ್ ಬಿದ್ದಾಗ ಕಾಣುವ ಕಾಮನಬಿಲ್ಲಿನ ಹಾಗೆ, ಪೊರೆಯ ದಪ್ಪಕ್ಕೆ ತಕ್ಕ ಬಣ್ಣ. ಉಜ್ಜುವ ಜಾಗದಲ್ಲಿ ಇದು ಅಳಿಸಿಹೋಗುತ್ತದೆ. ಅದನ್ನು ದೋಷ ಎನ್ನಲಾಗದು. ಬಣ್ಣ ನೋಡಿ ಗ್ರೇಡ್ ಹೇಳಲೂ ಆಗುವುದಿಲ್ಲ.

ಅಂಗಡಿಯಲ್ಲೇ ಪರೀಕ್ಷೆ

ಮೊದಲು ಅಯಸ್ಕಾಂತ. ಅಂಟಿದರೆ ಅದು ಟೈಟಾನಿಯಂ ಅಲ್ಲ, ಮಾತು ಮುಗಿಯಿತು. ಅಂಟಲಿಲ್ಲ ಎಂದ ಮಾತ್ರಕ್ಕೆ ಟೈಟಾನಿಯಂ ಎಂದೂ ಅಲ್ಲ, ಅಲ್ಯೂಮಿನಿಯಂ ಅಂಟುವುದಿಲ್ಲ, ಪಾತ್ರೆಯ 304 ಸ್ಟೀಲೂ ಸಾಮಾನ್ಯವಾಗಿ ಅಂಟುವುದಿಲ್ಲ.

ಎರಡನೆಯದು ನೀರಿನ ಲೆಕ್ಕ. 0.1 ಗ್ರಾಂ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಕು. ಮೊದಲು ವಸ್ತುವನ್ನು ಒಣಗಿದ್ದಾಗ ತೂಗಬೇಕು. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿಕೊಳ್ಳಬೇಕು. ವಸ್ತುವನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಬೇಕು, ತಳಕ್ಕೆ, ಬದಿಗೆ ತಾಗಬಾರದು. ಈಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಒಣ ತೂಕವನ್ನು ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. 45 ಗ್ರಾಂ ತೂಗುವ ವಸ್ತು ನೀರಿನಲ್ಲಿ 10ರ ಹತ್ತಿರ ತೋರಿಸಿದರೆ ಟೈಟಾನಿಯಂ. 6ರ ಹತ್ತಿರ ಬಂದರೆ ಸ್ಟೀಲ್. 17 ಬಂದರೆ ಅಲ್ಯೂಮಿನಿಯಂ. ಕೀ ರಿಂಗ್, ಚಮಚ, ಕೊಕ್ಕೆಯಂಥ ಒಂದೇ ಲೋಹದ ವಸ್ತುಗಳಿಗೆ ಇದು ನಡೆಯುತ್ತದೆ. ಸ್ಟೀಲ್ ಅಲಗು, ಬೇರಿಂಗ್ ಎಲ್ಲ ಸೇರಿರುವ ಇಡೀ ಚಾಕುವಿಗೆ ನಡೆಯದು, ಒಳಗೆ ಗಾಳಿ ನಿಂತರೂ ಲೆಕ್ಕ ತಪ್ಪುತ್ತದೆ.

ಈ ಪರೀಕ್ಷೆಯಲ್ಲಿ ಗ್ರೇಡ್ 2 ಮತ್ತು 5 ಬೇರೆ ಮಾಡಲು ಆಗದು, ಎರಡರ ತೂಕವೂ ಹೆಚ್ಚುಕಮ್ಮಿ ಒಂದೇ. ಅಲ್ಲಿ ನಂಬಬೇಕಾದ್ದು ಕಾಗದವನ್ನು. ಸಗಟಾಗಿ ಮಾಲು ತರಿಸುವ ಅಂಗಡಿಯವರು ತಯಾರಕರ ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆಯಬಹುದು.

ಬೆಲೆ ತೀರಾ ಕಡಿಮೆ ಇದ್ದರೆ ಅನುಮಾನ ಪಡುವುದಕ್ಕೂ ಕಾರಣ ಇದೆ. ಟೈಟಾನಿಯಂ ಅದಿರೇನೂ ಅಪರೂಪವಲ್ಲ, ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಲ್ಲಿ ಬೇಕಾದಷ್ಟಿದೆ. ಪೇಂಟ್ ಅಂಗಡಿಯ ಬಿಳಿ ಬಣ್ಣದಲ್ಲಿರುವುದೂ ಇದರ ಆಕ್ಸೈಡೇ. ಲೋಹವಾಗಿ ತೆಗೆಯುವುದೇ ಕಷ್ಟ. ಲಕ್ಸೆಂಬರ್ಗ್‌ನ ವಿಲಿಯಂ ಕ್ರೋಲ್ ಕಂಡುಹಿಡಿದ ವಿಧಾನದಲ್ಲಿ ಅದಿರನ್ನು ಕ್ಲೋರಿನ್ ಜೊತೆ ಸೇರಿಸಿ, ಮುಚ್ಚಿದ ಕೊಪ್ಪರಿಗೆಯಲ್ಲಿ ಮೆಗ್ನೀಸಿಯಂ ಹಾಕಿ, ದಿನಗಟ್ಟಲೆ ಕಾಯಿಸಿ, ಸ್ಪಂಜಿನಂಥ ಲೋಹ ಪಡೆದು, ಅದನ್ನು ಗಾಳಿಯಿಲ್ಲದ ಕುಲುಮೆಯಲ್ಲಿ ಕರಗಿಸಬೇಕು. ಕೊಲ್ಲಂ ಜಿಲ್ಲೆಯ ಚವರದಲ್ಲಿ 2011ರಲ್ಲಿ ಶುರುವಾದ ಘಟಕದ ಸಾಮರ್ಥ್ಯ ವರ್ಷಕ್ಕೆ 500 ಟನ್ ಮಾತ್ರ. ಇಷ್ಟೆಲ್ಲ ಆಗಿ ಬರುವ ಲೋಹದ ಚಾಕು ನೂರಿನ್ನೂರು ರೂಪಾಯಿಗೆ ಸಿಗಲಾರದು.

ಮಾರುವವರ ಹೊಣೆ

‘ಕಂಪನಿಯವರು ಹೀಗೇ ಬರೆದು ಕಳಿಸಿದ್ದು, ನಮ್ಮದೇನು?’ ಎಂಬ ಮಾತು ಯಾವಾಗಲೂ ನಡೆಯುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ತಯಾರಕರ ಜೊತೆ ಮಾರಾಟಗಾರರ ಹೊಣೆಯನ್ನೂ ಹೇಳಿದೆ. ತಯಾರಕರು ಕೊಡದ ಭರವಸೆಯನ್ನು ಅಂಗಡಿಯವರು ತಾವಾಗಿ ಕೊಟ್ಟು, ವಸ್ತು ಅದಕ್ಕೆ ತಕ್ಕಂತೆ ಇಲ್ಲದೆ ಗಿರಾಕಿಗೆ ಹಾನಿಯಾದರೆ ಅಂಗಡಿಯವರೇ ಉತ್ತರ ಕೊಡಬೇಕಾಗಬಹುದು. ಲೇಪದ ಚಾಕುವಿಗೆ ಬಿಲ್‌ನಲ್ಲಿ ‘ಟೈಟಾನಿಯಂ ಚಾಕು’ ಎಂದು ಬರೆಯುವ ಬದಲು ‘ಸ್ಟೀಲ್ ಚಾಕು, ಟೈಟಾನಿಯಂ ಲೇಪ’ ಎಂದು ಬರೆದರೆ ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಹೊರದೇಶದ ಮಾಲಾದರೆ ಪ್ಯಾಕಿನ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರಲೇಬೇಕು.

ಮೋಸ ಹೋದ ಗಿರಾಕಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಕಾಲಾವಕಾಶ ಇದೆ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಬಿಲ್ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಬೇಕು ಅಷ್ಟೆ.

ಜೇಬಿನಲ್ಲಿ ಇಟ್ಟುಕೊಂಡು ತಿರುಗುವವರು ಕಾನೂನನ್ನೂ ತಿಳಿದಿರಬೇಕು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳು 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುತ್ತವೆ, ಮನೆ, ಕೃಷಿ, ಕೈಗಾರಿಕೆ ಕೆಲಸಕ್ಕೆಂದೇ ಮಾಡಿದವುಗಳಿಗೆ ವಿನಾಯಿತಿ ಇದೆ. ವಿಮಾನದ ಕ್ಯಾಬಿನ್ ಬ್ಯಾಗ್‌ನಲ್ಲಿ ಚಾಕು ಒಯ್ಯುವಂತಿಲ್ಲ. ‘ಟೈಟಾನಿಯಂ ಮೆಟಲ್ ಡಿಟೆಕ್ಟರ್‌ಗೆ ಸಿಗಲ್ಲ’ ಎಂಬುದು ಸುಳ್ಳು. ಅಯಸ್ಕಾಂತಕ್ಕೆ ಅಂಟದಿದ್ದರೂ ಅದು ವಿದ್ಯುತ್ ಹರಿಸುವ ಲೋಹವೇ, ಡಿಟೆಕ್ಟರ್ ಕೂಗುತ್ತದೆ. ಎಕ್ಸ್‌ರೇಯಲ್ಲಂತೂ ಆಕಾರವೇ ಕಾಣುತ್ತದೆ.

ಲೇತ್, ಗ್ರೈಂಡರ್ ಅಂಗಡಿಯವರಿಗೆ

ಟೈಟಾನಿಯಂ ಪಟ್ಟಿ ತಂದು ‘ಇದರಲ್ಲಿ ಹಿಡಿ ಮಾಡಿಕೊಡಿ’ ಎಂದು ಕೇಳುವ ಹುಡುಗರು ಈಗೀಗ ಬರುತ್ತಿದ್ದಾರೆ. ಗ್ರೇಡ್ 5ರಲ್ಲಿ ಶಾಖ ಹರಿಯುವುದು ಮೈಲ್ಡ್ ಸ್ಟೀಲಿನ ಏಳನೇ ಒಂದು ಭಾಗದಷ್ಟು. ಬಿಸಿಯೆಲ್ಲ ಟೂಲ್‌ನ ತುದಿಯಲ್ಲೇ ನಿಂತು ಅದನ್ನು ಸುಡುತ್ತದೆ. ವೇಗ ಕಡಿಮೆ, ಫೀಡ್ ಬಿಡದಂತೆ, ಕೂಲೆಂಟ್ ಧಾರಾಳ ಇರಬೇಕು. ಗ್ಯಾಸ್ ವೆಲ್ಡಿಂಗ್ ಮಾಡುವಂತಿಲ್ಲ. ಆರ್ಗಾನ್ ಹೊದಿಕೆಯಲ್ಲಿ ಬೆಸೆದು, ತಣ್ಣಗಾಗುವವರೆಗೂ ಗಾಳಿ ತಾಗದಂತೆ ನೋಡಿಕೊಳ್ಳದಿದ್ದರೆ ಬೆಸುಗೆ ಗಾಜಿನಂತೆ ಒಡೆಯುತ್ತದೆ.

ಗ್ರೈಂಡರ್‌ಗೆ ಹಿಡಿದರೆ ಕಣ್ಣು ಕೋರೈಸುವ ಬಿಳಿ ಕಿಡಿ ಹಾರುತ್ತದೆ. ಲೋಹ ಗುರುತಿಸಲು ಇದೂ ಒಂದು ಉಪಾಯ. ಆದರೆ ಆ ಪುಡಿ, ತೆಳು ಸಿಪ್ಪೆ ಬೆಂಕಿ ಹಿಡಿಯುತ್ತವೆ. ಕಬ್ಬಿಣದ ಪುಡಿ, ಎಣ್ಣೆ ಬಟ್ಟೆಯ ಜೊತೆ ಮೂಲೆಯಲ್ಲಿ ಗುಡ್ಡೆ ಹಾಕಬಾರದು, ಅಂದಂದೇ ಗುಡಿಸಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಬೇಕು. ಹೊತ್ತಿಕೊಂಡರೆ ನೀರು ಹಾಕಲೇಬಾರದು. ನೀರಿನೊಳಗಿನ ಆಮ್ಲಜನಕವನ್ನೇ ಎಳೆದುಕೊಂಡು ಇನ್ನಷ್ಟು ಉರಿಯುತ್ತದೆ. ಒಂದು ಬಕೆಟ್ ಒಣ ಮರಳನ್ನು ಯಂತ್ರದ ಪಕ್ಕದಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡಬೇಕು.